ಗೋಡೆ ಒಬ್ಬರದು, ಚಳಿ ಇನ್ನೊಬ್ಬರದು

ಇಂಗ್ಲೆಂಡಿನಲ್ಲಿ ಅಕ್ಟೋಬರ್ ತಿಂಗಳು ಕಾಲಿಟ್ಟಿತೆಂದರೆ ಬಾಡಿಗೆಮನೆಗಳ ಮಾಲಿಕರಲ್ಲಿ ಅನೇಕರು ತಮ್ಮ ಬಾಡಿಗೆದಾರರಿಗೆ ಒಂದು ಸೂಚನಾಪತ್ರವನ್ನು ಕಳುಹಿಸುತ್ತಾರೆ. ಅಡುಗೆ ಮಾಡುವಾಗ ಪಾತ್ರೆಗೆ ಮುಚ್ಚಳವಿಡಿರಿ, ಒದ್ದೆಬಟ್ಟೆಯನ್ನು ಮನೆಯೊಳಗೆ ಹರವಬೇಡಿರಿ, ದಿನಕ್ಕೆ ಸ್ವಲ್ಪ ಹೊತ್ತು ಕಿಟಕಿ ತೆರೆಯಿರಿ, ಮನೆಯನ್ನು ಸದಾ ಬೆಚ್ಚಗಿಡಿರಿ, ಗೋಡೆಯ ಮೇಲೆ ಕರಿಯ ಬೂಷ್ಟು ಕಂಡಲ್ಲಿ ಒರಸಿ ತೆಗೆಯಿರಿ, ಇತ್ಯಾದಿ. ಇವುಗಳಲ್ಲಿ ಒಂದೂ ತಪ್ಪು ಸಲಹೆಯಲ್ಲ. ಆದರೆ ಪತ್ರವನ್ನು ಕಳುಹಿಸಿದೊಡನೆಯೇ ಮನೆಯನ್ನು ಚಳಿಗಾಲಕ್ಕೆ ಸಿದ್ಧಪಡಿಸಿದಂತಾಯಿತೆಂದು ನೆಮ್ಮದಿಯಾಗಿ ಕೂರುವವರಿದ್ದಾರಲ್ಲ, ಅವರೊಡನೆ ನನ್ನ ಜಗಳ. ಚಳಿಗಾಲಕ್ಕೆ ಮೊದಲು ಸಿದ್ಧವಾಗಬೇಕಾದದ್ದು ಗೋಡೆ; ಆಮೇಲೆ ಅದರೊಳಗೆ ವಾಸಿಸುವ ಮನುಷ್ಯ. ಈ ಮಾತನ್ನು ಮರುಕದಿಂದ ಆಡುತ್ತಿಲ್ಲ, ಲೆಕ್ಕ ಮಾಡಿ ಹೇಳುತ್ತಿದ್ದೇನೆ.

ಹಿಮ ಬೀಳದ ನಾಡಿನವರಿಗೆ ಈ ಚರ್ಚೆ ಏತಕ್ಕೆಂದು ಓದುಗರು ಕೇಳಬಹುದು. ನಮ್ಮ ಕಾಲೇಜುಗಳಲ್ಲಿ ಓದಿದ ತರುಣ ತರುಣಿಯರು ವರ್ಷ ವರ್ಷವೂ ಆ ದೇಶಗಳಿಗೆ ಹೋಗಿ ಬಾಡಿಗೆಮನೆಗಳಲ್ಲಿಯೇ ನೆಲಸುತ್ತಾರೆ. ಅಲ್ಲಿಯ ಗೋಡೆಗಳ ಗುಣದೋಷ ಅವರ ಶ್ವಾಸಕೋಶಗಳಿಗೆ ಸಂಬಂಧಪಟ್ಟ ವಿಷಯ. ಬೂಷ್ಟಿನ ಪರಿಚಯವಂತೂ ನಮಗೆ ಹೊಸದಲ್ಲ. ಆಷಾಢದ ಜಡಿಮಳೆಯಲ್ಲಿ ಮಲೆನಾಡಿನ ಮನೆಯ ಪುಸ್ತಕದ ರಟ್ಟು, ಚರ್ಮದ ಚಪ್ಪಲಿ, ಮರದ ಪೆಟ್ಟಿಗೆ ಎಲ್ಲವೂ ಬೂಷ್ಟು ಹಿಡಿಯುವುದನ್ನು ಯಾರು ಕಂಡಿಲ್ಲ? ಅಲ್ಲಿ ಹೊರಗಿನ ಗಾಳಿಯೇ ನೀರಾವಿಯಿಂದ ತುಂಬಿರುತ್ತದೆ. ಶೀತದೇಶದ ವಿಚಿತ್ರವೇನೆಂದರೆ, ಹೊರಗಿನ ಗಾಳಿಯಲ್ಲಿ ನೀರಾವಿ ಅತ್ಯಲ್ಪವಾಗಿರುವ ಕಾಲದಲ್ಲಿಯೇ ಒಳಗಿನ ಗೋಡೆ ಬೂಷ್ಟು ಹಿಡಿಯುತ್ತದೆ.

ಇದರ ಕಾರಣವನ್ನು ತಿಳಿಯಲು ಮೂರು ಸಂಖ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು ೧೭.೩ ಗ್ರಾಂ ನೀರಾವಿ ಇರಬಲ್ಲುದು. ೧೦ ಡಿಗ್ರಿಯಲ್ಲಿ ೯.೪ ಗ್ರಾಂ, ೦ ಡಿಗ್ರಿಯಲ್ಲಿ ೪.೮ ಗ್ರಾಂ ಮಾತ್ರ. ಆದುದರಿಂದ ಸೊನ್ನೆ ಡಿಗ್ರಿಯ ಗಾಳಿ, ನೀರಾವಿಯಿಂದ ಪೂರ್ತಿ ತುಂಬಿದ್ದರೂ, ಒಳಗೆ ಬಂದು ೨೦ ಡಿಗ್ರಿಗೆ ಕಾದಾಗ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೮ಕ್ಕೆ ಇಳಿಯುತ್ತದೆ. ಕಿಟಕಿ ತೆರೆದರೆ ಮನೆ ಒಣಗುತ್ತದೆಂಬ ಮಾಲಿಕನ ಮಾತು ಸತ್ಯವೇ. ಆದರೆ ಹಾಗೆ ತೆರೆದ ಕಿಟಕಿಯಿಂದ ತೇವದೊಡನೆ ಶಾಖವೂ ಹೊರಗೆ ಹೋಗುತ್ತದೆ. ಆ ಶಾಖಕ್ಕೆ ಹಣ ತೆತ್ತವನು ಮಾಲಿಕನಲ್ಲ.

ಒಳಗಿನ ತೇವ ಎಲ್ಲಿಂದ ಬರುತ್ತದೆ? ಅನ್ನ ಬೇಯಿಸುವುದರಿಂದ, ಸ್ನಾನದಿಂದ, ಒಣಹಾಕಿದ ಬಟ್ಟೆಯಿಂದ ಬರುತ್ತದೆ, ಸರಿ. ಆದರೆ ಏನನ್ನೂ ಮಾಡದೆ ಸುಮ್ಮನೆ ಮಲಗಿದವನೂ ಉಸಿರಿನಿಂದ ಮತ್ತು ಚರ್ಮದಿಂದ ಒಂದು ರಾತ್ರಿಗೆ ಸುಮಾರು ಕಾಲು ಲೀಟರಿನಷ್ಟು ನೀರನ್ನು ಗಾಳಿಗೆ ಸೇರಿಸುತ್ತಾನೆ. ಇಬ್ಬರು ಮಲಗಿದರೆ ಅರ್ಧ ಲೀಟರು. ಮೂವತ್ತು ಘನಮೀಟರಿನ ಮಲಗುವ ಕೋಣೆಯೊಂದರ ಗಾಳಿ, ೨೦ ಡಿಗ್ರಿಯಲ್ಲಿ, ತನ್ನ ಸಾಮರ್ಥ್ಯದ ಕೊನೆಯವರೆಗೆ ಹೊತ್ತರೂ ಹಿಡಿಸುವುದು ಸುಮಾರು ೫೨೦ ಗ್ರಾಂ! ಪಾತ್ರೆಗೆ ಮುಚ್ಚಳವಿಡಬಹುದು, ಬಟ್ಟೆಯನ್ನು ಬೇರೆಡೆ ಒಣಗಿಸಬಹುದು. ಉಸಿರಾಡಬೇಡಿರೆಂದು ಯಾವ ಕರಾರುಪತ್ರದಲ್ಲಿಯೂ ಬರೆಯಲಾಗದು. ತೇವವನ್ನು ಹೊರಹಾಕುವ ಬೀಸಣಿಗೆಯನ್ನೂ ಕಿಟಕಿಯ ಚೌಕಟ್ಟಿನಲ್ಲಿ ಗಾಳಿಕಿಂಡಿಯನ್ನೂ ಇಡಿಸುವುದು ಮನೆ ಕಟ್ಟಿದವನ, ಈಗ ಅದನ್ನು ಒಡೆತನದಲ್ಲಿಟ್ಟುಕೊಂಡವನ ಕೆಲಸ.

ಈಗ ಗೋಡೆಯ ವಿಷಯ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಕಟ್ಟಿದ ಲಕ್ಷಾಂತರ ಮನೆಗಳಿಗೆ ಒಂಬತ್ತು ಅಂಗುಲದ ಗಟ್ಟಿ ಇಟ್ಟಿಗೆಯ ಗೋಡೆಗಳು. ನಡುವೆ ಟೊಳ್ಳಿಲ್ಲ, ಹೊದಿಕೆಯಿಲ್ಲ. ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದರೆ ಇಂಥ ಗೋಡೆಯ ಪ್ರತಿ ಚದರಮೀಟರಿನಿಂದ ಸುಮಾರು ೨ ವಾಟ್ ಶಾಖ ಸೋರುತ್ತದೆ. ಒಳಗೆ ೨೦ ಡಿಗ್ರಿ, ಹೊರಗೆ ೦ ಡಿಗ್ರಿ ಇರುವ ರಾತ್ರಿಯಲ್ಲಿ ಸೋರಿಕೆ ೪೦ ವಾಟ್. ಕೋಣೆಯ ಗಾಳಿಯಿಂದ ಗೋಡೆಯ ಮೈಗೆ ಇಷ್ಟು ಶಾಖ ಹರಿಯಬೇಕಾದರೆ ಅವೆರಡರ ನಡುವೆ ಸುಮಾರು ೫ ಡಿಗ್ರಿ ಅಂತರ ಇರಲೇಬೇಕು. ಎಂದರೆ ಗಾಳಿ ೨೦ ಡಿಗ್ರಿಯಲ್ಲಿದ್ದರೂ ಗೋಡೆಯ ಒಳಮೈ ೧೫ ಡಿಗ್ರಿಯಲ್ಲಿರುತ್ತದೆ. ಬಟ್ಟೆಯ ಬೀರುವಿನ ಹಿಂದೆಯೂ ಮೂಲೆಗಳಲ್ಲಿಯೂ ಇನ್ನೂ ಕಡಮೆ. ಬೂಷ್ಟು ಬೆಳೆಯಲು ಗೋಡೆಯ ಮೇಲೆ ನೀರು ಹನಿಯಬೇಕಾಗಿಲ್ಲ. ಗೋಡೆಗೆ ತಾಗಿದ ಗಾಳಿಯ ಆರ್ದ್ರತೆ ಬಹುಕಾಲ ನೂರಕ್ಕೆ ೮೦ರಷ್ಟಿದ್ದರೆ ಸಾಕು. ಕೋಣೆಯ ನಡುವೆ ನೂರಕ್ಕೆ ೬೦ರ ಆರ್ದ್ರತೆ ಇದ್ದಾಗ, ೧೫ ಡಿಗ್ರಿಯ ಗೋಡೆಯ ಬಳಿ ಆ ಮಿತಿ ಆಗಲೇ ಮುಟ್ಟಿರುತ್ತದೆ. ನೂರಕ್ಕೆ ೬೦ ಎಂಬುದು ನಾಲ್ಕು ಜನ ಸಾಧಾರಣವಾಗಿ ಬಾಳುವ ಮನೆಯ ಸ್ಥಿತಿ, ದುರಭ್ಯಾಸದ ಫಲವಲ್ಲ.

ಇನ್ನು ಆ ಬಾಡಿಗೆದಾರ ಬಡವನೆಂದುಕೊಳ್ಳೋಣ. ಅನಿಲದ ಬಿಲ್ಲಿಗೆ ಹೆದರಿ ಕೋಣೆಯನ್ನು ೧೫ ಡಿಗ್ರಿಗೆ ಇಳಿಸುತ್ತಾನೆ. ಗಾಳಿಯಲ್ಲಿರುವ ನೀರಾವಿ ಅಷ್ಟೇ ಇದ್ದರೂ ಆರ್ದ್ರತೆ ನೂರಕ್ಕೆ ೮೦ನ್ನು ದಾಟುತ್ತದೆ. ಗೋಡೆಯ ಮೈ ೧೧ ಡಿಗ್ರಿಗೆ ಇಳಿಯುತ್ತದೆ. ಆ ಗಾಳಿಯ ಇಬ್ಬನಿಬಿಂದುವೋ ೧೨ ಡಿಗ್ರಿ. ಈಗ ಗೋಡೆಯ ಮೇಲೆ ನಿಜವಾಗಿಯೇ ನೀರು ಮೂಡುತ್ತದೆ. ತರಗತಿಯಲ್ಲಿ ಉಷ್ಣವಹನದ ಪಾಠ ಹೇಳುವಾಗ ನಾನು ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸುವುದುಂಟು. ಉಳಿತಾಯ ಮಾಡಿದವನ ಗೋಡೆಯೇ ಹೆಚ್ಚು ಒದ್ದೆಯಾಗುವುದನ್ನು ಕಂಡು ವಿದ್ಯಾರ್ಥಿಗಳು ಎಲ್ಲಿಯೋ ಕೂಡುವುದರಲ್ಲಿ ತಪ್ಪಿತೆಂದು ಹಿಂದಿರುಗಿ ಪರೀಕ್ಷಿಸುತ್ತಾರೆ. ತಪ್ಪಿರುವುದಿಲ್ಲ. ಅದೇ ಗೋಡೆಗೆ ಉಷ್ಣನಿರೋಧಕ ಹೊದಿಕೆ ಹಾಕಿ ಸೋರಿಕೆಯನ್ನು ೨ ವಾಟಿನಿಂದ ೦.೩ಕ್ಕೆ ಇಳಿಸಿದರೆ, ೨೦ ಡಿಗ್ರಿಯ ಕೋಣೆಯಲ್ಲಿ ಗೋಡೆಯ ಮೈ ೧೯ ಡಿಗ್ರಿಗಿಂತ ಮೇಲೆ ನಿಲ್ಲುತ್ತದೆ. ಕೋಣೆ ೧೫ಕ್ಕೆ ಇಳಿದರೂ ಗೋಡೆ ೧೪ ಡಿಗ್ರಿಗಿಂತ ಕೆಳಗಿಳಿಯದು, ನೀರು ಹನಿಯದು. ಹತ್ತು ಚದರಮೀಟರ್ ಗೋಡೆಯಿಂದ ಒಂದು ಹಗಲು ರಾತ್ರಿಯಲ್ಲಿ ಸೋರುವ ಶಾಖ ೯.೬ ಯೂನಿಟ್ಟಿನಿಂದ ೧.೪ ಯೂನಿಟ್ಟಿಗೆ ಇಳಿಯುತ್ತದೆ. (ಹೊದಿಕೆಯನ್ನು ಗೋಡೆಯ ಒಳಮಗ್ಗುಲಿಗೆ ಹಾಕುವಾಗ ಸಂದುಬಿಟ್ಟರೆ ತೇವ ಅದರ ಹಿಂದೆ ಸೇರಿಕೊಂಡು ಮೊದಲಿಗಿಂತ ಕೇಡಾಗುತ್ತದೆ, ಇದು ಬಲ್ಲವರು ಮಾಡಬೇಕಾದ ಕೆಲಸ.)

ಹೊದಿಕೆಗೆ ಖರ್ಚು ಮಾಡಬೇಕಾದವನು ಮಾಲಿಕ. ಉಳಿಯುವ ಹಣ ಬಾಡಿಗೆದಾರನದು. ಹೀಗಿರುವಾಗ ಗೋಡೆ ಬರಿಮೈಯಲ್ಲಿಯೇ ನಿಂತಿರುವುದು ಆಶ್ಚರ್ಯವಲ್ಲ. ಇಂಗ್ಲೆಂಡಿನಲ್ಲಿ ೨೦೨೦ರ ಏಪ್ರಿಲ್‌ನಿಂದ ಖಾಸಗಿ ಬಾಡಿಗೆಮನೆಗಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಶಕ್ತಿಬಳಕೆಯ ‘ಎ’ಯಿಂದ ‘ಜಿ’ವರೆಗಿನ ದರ್ಜೆಗಳಲ್ಲಿ ಕನಿಷ್ಠ ‘ಇ’ ಆದರೂ ಪಡೆದಿರಬೇಕೆಂಬ ನಿಯಮವಿದೆ. ಒಳ್ಳೆಯದೇ. ಆದರೆ ಬರಿಯ ಇಟ್ಟಿಗೆಯ ಗೋಡೆಯ ಮನೆಯೂ ‘ಇ’ ದರ್ಜೆಯನ್ನು ಪಡೆಯಬಲ್ಲದು.

ಈ ಲೆಕ್ಕದ ಇನ್ನೊಂದು ಮುಖವನ್ನು ಹೇಳದೆ ವಿಧಿಯಿಲ್ಲ. ಮ್ಯಾಂಚೆಸ್ಟರಿನ ಬಳಿಯ ರಾಚ್‌ಡೇಲ್ ಊರಿನಲ್ಲಿ ೨೦೨೦ರ ಡಿಸೆಂಬರಿನಲ್ಲಿ ಅವಾಬ್ ಇಷಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನ ಬಗ್ಗೆ ಆ ಮಗುವಿನ ತಂದೆ ೨೦೧೭ರಲ್ಲಿಯೇ ದೂರು ಕೊಟ್ಟಿದ್ದರು. ಮೇಲೆ ಬಣ್ಣ ಬಳಿಯಿರೆಂಬ ಉತ್ತರ ಬಂದಿತ್ತು. ಮನೆಯ ಒಡೆತನ ಒಂದು ಗೃಹಸಂಸ್ಥೆಯದು. ದೋಷ ಆ ಕುಟುಂಬದ ಜೀವನಕ್ರಮದ್ದೆಂಬ ಭಾವನೆ ಅಲ್ಲಿತ್ತು. ೨೦೨೨ರ ನವೆಂಬರಿನಲ್ಲಿ ಮರಣವಿಚಾರಣಾಧಿಕಾರಿಯವರು, ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದರಿಂದ ಉಂಟಾದ ತೀವ್ರ ಶ್ವಾಸರೋಗವೇ ಸಾವಿಗೆ ಕಾರಣವೆಂದು ತೀರ್ಮಾನಿಸಿದರು. ಆ ಮಗುವಿನ ಹೆಸರಿನಿಂದಲೇ ಕರೆಯಲ್ಪಡುವ ಕಾನೂನು ೨೦೨೫ರ ಅಕ್ಟೋಬರ್ ೨೭ರಿಂದ ಇಂಗ್ಲೆಂಡಿನ ಸಾಮಾಜಿಕ ಗೃಹಸಂಸ್ಥೆಗಳಿಗೆ ಅನ್ವಯಿಸಿದೆ. ತುರ್ತು ಅಪಾಯವನ್ನು ೨೪ ಗಂಟೆಗಳಲ್ಲಿ ಸರಿಪಡಿಸಬೇಕು. ಹಾನಿಕರವಾದ ತೇವ, ಬೂಷ್ಟುಗಳನ್ನು ೧೦ ಕೆಲಸದ ದಿನಗಳಲ್ಲಿ ತನಿಖೆ ಮಾಡಿ, ಅನಂತರದ ೫ ಕೆಲಸದ ದಿನಗಳಲ್ಲಿ ಮನೆಯನ್ನು ಸುರಕ್ಷಿತಗೊಳಿಸಬೇಕು. ಬೂಷ್ಟು ಕಂಡ ಮೇಲೆ ಓಡುವುದಕ್ಕೆ ಈ ಗಡುವುಗಳು ಅವಶ್ಯವೇ. ಆದರೆ ಮೇಲಿನ ಲೆಕ್ಕವನ್ನು ಬಲ್ಲವನು ಬೂಷ್ಟು ಕಾಣುವವರೆಗೆ ಏಕೆ ಕಾಯಬೇಕು?

ಕೊಳವೆಗಳ ವಿಷಯದಲ್ಲಿ ಮಾತ್ರ ಮಾಲಿಕರು ತಾವಾಗಿಯೇ ಎಚ್ಚರ ವಹಿಸುತ್ತಾರೆ. ಅಲ್ಲಿ ನಷ್ಟ ಅವರದೇ. ನೀರು ಮಂಜುಗಡ್ಡೆಯಾದಾಗ ಸುಮಾರು ನೂರಕ್ಕೆ ೯ರಷ್ಟು ಹಿಗ್ಗುತ್ತದೆಂಬುದು ಎಲ್ಲರಿಗೂ ತಿಳಿದದ್ದು. ಆದರೆ ಕೊಳವೆ ಬಿರಿಯುವುದು ಗಡ್ಡೆ ಕಟ್ಟಿದ ಜಾಗದಲ್ಲಿಯೇ ಎಂದೇನೂ ಇಲ್ಲ. ಬೆಳೆಯುವ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರಿ, ಎಲ್ಲಿ ಬಲಹೀನವೋ ಅಲ್ಲಿ ಒಡೆಯುತ್ತದೆ. ಕೊಳವೆಗೆ ಸುತ್ತಿದ ಹೊದಿಕೆ ಶಾಖವನ್ನು ಉತ್ಪತ್ತಿ ಮಾಡುವುದಿಲ್ಲ, ತಣಿಯುವುದನ್ನು ತಡಮಾಡುತ್ತದೆ, ಅಷ್ಟೆ. ಆದಕಾರಣ ಇಬ್ಬರು ಬಾಡಿಗೆದಾರರ ನಡುವೆ ಖಾಲಿ ಬಿದ್ದ ಮನೆಯನ್ನು ಸಣ್ಣ ಪ್ರಮಾಣದಲ್ಲಾದರೂ ಕಾಯಿಸುತ್ತಿರಬೇಕು, ಇಲ್ಲವೇ ನೀರನ್ನೆಲ್ಲ ಹೊರಗೆ ಬಿಟ್ಟು ಬರಿದುಮಾಡಬೇಕು. ೨೦೨೧ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ವಿದ್ಯುತ್ತು ನಿಂತು ಮನೆಗಳು ತಣಿದಾಗ ಎಷ್ಟೋ ಮನೆಗಳಲ್ಲಿ ಕೊಳವೆಗಳು ಒಡೆದುಹೋದವು. ಇನ್ನೊಂದು ಸೂಕ್ಷ್ಮವೂ ಉಂಟು. ಅಟ್ಟದ ನೆಲಕ್ಕೆ ದಪ್ಪ ಹೊದಿಕೆ ಹಾಸಿದರೆ ಕೆಳಗಿನ ಶಾಖ ಮೇಲೇರದೆ ಅಟ್ಟ ಮೊದಲಿಗಿಂತ ತಣ್ಣಗಾಗುತ್ತದೆ. ಅಲ್ಲಿರುವ ನೀರಿನ ತೊಟ್ಟಿ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಆದುದರಿಂದಲೇ ತೊಟ್ಟಿಯ ನೇರ ಕೆಳಗೆ ಹೊದಿಕೆ ಹಾಸದೆ, ತೊಟ್ಟಿಯ ಪಕ್ಕಗಳಿಗೂ ಮುಚ್ಚಳಕ್ಕೂ ಹೊದಿಸುತ್ತಾರೆ.

ಬಾಯ್ಲರಿನ ತಪಾಸಣೆಯನ್ನು ವರ್ಷಕ್ಕೊಮ್ಮೆ ಮಾಡಿಸುವುದು ಬ್ರಿಟನ್ನಿನಲ್ಲಿ ಮಾಲಿಕನ ಕಾನೂನಿನ ಕರ್ತವ್ಯ. ಅರೆಬೆಂದ ಇಂಧನದ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನ್ಯೂಯಾರ್ಕ್ ನಗರದ ನಿಯಮ ನನಗೆ ಒಂದು ಕಾರಣಕ್ಕಾಗಿ ಮೆಚ್ಚುಗೆಯಾಗಿದೆ. ಅಲ್ಲಿ ಅಕ್ಟೋಬರ್ ೧ರಿಂದ ಮೇ ೩೧ರವರೆಗೆ, ಹಗಲಿನಲ್ಲಿ ಹೊರಗಿನ ಉಷ್ಣತೆ ೫೫ ಡಿಗ್ರಿ ಫ್ಯಾರನ್‌ಹೀಟಿಗಿಂತ ಇಳಿದರೆ ಒಳಗೆ ಕನಿಷ್ಠ ೬೮ ಡಿಗ್ರಿ, ರಾತ್ರಿ ಹೊರಗೆ ಎಷ್ಟೇ ಇರಲಿ ಒಳಗೆ ಕನಿಷ್ಠ ೬೨ ಡಿಗ್ರಿ ಇರುವಂತೆ ಮಾಲಿಕನು ನೋಡಿಕೊಳ್ಳಬೇಕು. ವಾದವಿವಾದಕ್ಕೆ ಎಡೆಯಿಲ್ಲ, ಉಷ್ಣಮಾಪಕವೇ ನ್ಯಾಯಾಧೀಶ. ಹಾಗೆಂದು ಅಲ್ಲಿ ಎಲ್ಲವೂ ಸರಿಯಿದೆಯೆಂದಲ್ಲ. ಅದೇ ನಗರದ ಬ್ರಾಂಕ್ಸ್ ಭಾಗದ ಬಹುಮಹಡಿ ಕಟ್ಟಡವೊಂದರಲ್ಲಿ ೨೦೨೨ರ ಜನವರಿ ೯ರಂದು, ಕೋಣೆ ಕಾಯಿಸಲು ಇಟ್ಟ ವಿದ್ಯುತ್ ಉಪಕರಣದಿಂದ ಬೆಂಕಿ ಹೊತ್ತಿತು. ತಾನಾಗಿ ಮುಚ್ಚಿಕೊಳ್ಳಬೇಕಾಗಿದ್ದ ಬಾಗಿಲು ಮುಚ್ಚದೆ ಹೊಗೆ ಹಬ್ಬಿ ೧೭ ಜನ ಸತ್ತರು. ಬಾಗಿಲಿನ ಸ್ಪ್ರಿಂಗೂ ಚಳಿಗಾಲದ ಸಿದ್ಧತೆಯ ಭಾಗವೇ. ಮೇಲಾಗಿ, ಶಾಖದ ವೆಚ್ಚವೂ ಮಾಲಿಕನದೇ ಆದ ಕಡೆ ಬಾಡಿಗೆದಾರರು ಸೆಕೆಯಾಯಿತೆಂದು ಜನವರಿಯಲ್ಲಿಯೂ ಕಿಟಕಿ ತೆರೆದಿಡುವುದುಂಟು. ಹಣದ ಹೊಣೆಯನ್ನು ಯಾರ ತಲೆಗೆ ಕಟ್ಟಿದರೂ ಎದುರಿನವನಿಗೆ ಲಕ್ಷ್ಯ ಕಡಮೆಯಾಗುವುದು ಸಹಜ.

ಹೊದಿಕೆ ಹಾಕಿಸಿದರೆ ಬಾಡಿಗೆ ಏರಿಸಬೇಕಾಗುತ್ತದೆಂದು ಮಾಲಿಕರು ಹೇಳುತ್ತಾರೆ. ಏರಿಸಲಿ, ಆದರೆ ಬಾಡಿಗೆಯನ್ನೂ ಚಳಿಗಾಲದ ಶಾಖದ ಖರ್ಚನ್ನೂ ಕೂಡಿಸಿ ಒಂದೇ ಮೊತ್ತವಾಗಿ ಮೊದಲೇ ತಿಳಿಸಲಿ. ಎರಡನ್ನೂ ಒಟ್ಟಿಗೆ ಕಂಡ ಬಾಡಿಗೆದಾರನು ಅಗ್ಗದ ಬಾಡಿಗೆಯ ತಣ್ಣನೆಯ ಮನೆಗೆ ಮರುಳಾಗುವ ಸಂಭವ ಕಡಮೆ.

ನನ್ನ ಸಲಹೆ ಇಷ್ಟು. ಗಾಳಿಯ ಉಷ್ಣತೆಯ ಜೊತೆಗೆ ಗೋಡೆಯ ಮೈಯ ಉಷ್ಣತೆಗೂ ಒಂದು ಕನಿಷ್ಠ ಮಿತಿಯನ್ನು ಕಾನೂನು ಗೊತ್ತುಮಾಡಬೇಕು. ಮುಟ್ಟದೆಯೇ ಉಷ್ಣತೆಯನ್ನು ತೋರಿಸುವ ಅವರಕ್ತ ಉಷ್ಣಮಾಪಕ ಇಂದು ದುಬಾರಿಯಲ್ಲ. ಜನವರಿಯ ಒಂದು ಕೊರೆಯುವ ಬೆಳಗ್ಗೆ, ಮನೆ ೨೦ ಡಿಗ್ರಿಯಲ್ಲಿರುವಾಗ, ಮಾಲಿಕನೂ ಬಾಡಿಗೆದಾರನೂ ಜೊತೆಯಾಗಿ ನಿಂತು ಬೀರುವಿನ ಹಿಂದಿನ ಗೋಡೆಯನ್ನು ಅಳೆದು ಸಂಖ್ಯೆಯನ್ನು ಕರಾರುಪತ್ರದಲ್ಲಿ ಬರೆದಿಡಲಿ. ಅದು ೧೫ ಡಿಗ್ರಿಗಿಂತ ಕಡಮೆಯಾಗಿದ್ದರೆ ಮುಂದಿನ ಅಕ್ಟೋಬರಿನೊಳಗೆ ಆ ಗೋಡೆಗೆ ಹೊದಿಕೆ ಬೀಳಬೇಕು. ಅಲ್ಲಿಯವರೆಗೆ ಬೀರುವನ್ನು ಮನೆಯ ಒಳಗೋಡೆಯೊಂದರ ಬದಿಗೆ ಸರಿಸಿಡುವುದು ಲೇಸು.