ಸುಣ್ಣದಕಲ್ಲಿಗೆ ಚಾರ್ಟ್ ಸಾಕೇ?

ಕೊಳ್ಳೇಗಾಲದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಪಾಠ ವೀಕ್ಷಿಸುತ್ತಿದ್ದೆ. ವಿಷಯ ಕಣಶಿಲೆಗಳು. ಪ್ರಶಿಕ್ಷಣಾರ್ಥಿ ಐನೂರು ಕಿಲೋಮೀಟರಿಗೂ ದೂರದ ಶಹಾಬಾದಿನ ಗಣಿಯ ಚಾರ್ಟ್ ತೂಗುಹಾಕಿ, ಸುಣ್ಣದಕಲ್ಲು ಸಿಮೆಂಟಿಗೆ, ಕಬ್ಬಿಣದ ಕುಲುಮೆಗೆ, ಸಕ್ಕರೆ ಕಾರ್ಖಾನೆಗೆ ಬೇಕು ಎಂದು ಚೆನ್ನಾಗಿಯೇ ವಿವರಿಸಿದರು. ಹನೂರು ಕಡೆಯ ಹುಡುಗಿಯೊಬ್ಬಳು ಎದ್ದು, "ಸಾ, ನಮ್ಮೂರ್ ಬೆಟ್ಟದ್ ಕಲ್ಲೂ ಸುಣ್ಣದ್ ಕಲ್ಲಾ?" ಎಂದಳು. "ಅದು ಪಾಠದಲ್ಲಿಲ್ಲ, ಕೂತ್ಕೊ" ಎಂದರು. ನಾನು ಬೋಧನೋಪಕರಣದ ಕಲಂನಲ್ಲಿ ಪೂರ್ಣ ಅಂಕ ಬರೆದು ಎದ್ದುಬಂದೆ. ಆ ಅಂಕ ಈಗಲೂ ಚುಚ್ಚುತ್ತದೆ.

ಅವಳ ಪ್ರಶ್ನೆಗೆ ಒಂದು ನಿಂಬೆಹಣ್ಣು, ಒಂದು ಮೊಳೆ ಸಾಕಿತ್ತು. ಸುಣ್ಣದಕಲ್ಲು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೊಳೆಯಿಂದ ಗೀರಿದರೆ ಗೆರೆ ಬೀಳುತ್ತದೆ. ಆ ಪುಡಿಯ ಮೇಲೆ ಹುಳಿ ಹಿಂಡಿದರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ನಮ್ಮ ಸುತ್ತಿನ ಬೆಟ್ಟಗಳ ನೈಸ್, ಚಾರ್ನೊಕೈಟ್ ಕಲ್ಲುಗಳು ಎರಡಕ್ಕೂ ಜಗ್ಗುವುದಿಲ್ಲ. ಶಹಾಬಾದ್ ಚಪ್ಪಡಿಯ ಒಂದು ಚೂರನ್ನೂ ಪಕ್ಕದಲ್ಲಿಟ್ಟಿದ್ದರೆ ಮಕ್ಕಳೇ ಉತ್ತರ ಹೇಳುತ್ತಿದ್ದರು. (ಯಳಂದೂರಿನ ಬಳೆಮಂಟಪದ ಮೇಲೆ ಮಾತ್ರ ಯಾರೂ ಈ ಪ್ರಯೋಗಕ್ಕೆ ಇಳಿಯಬೇಡಿ!) ಒಣಸೀಮೆಯ ಹೊಲದಲ್ಲಿ ಸಿಗುವ ಸುಣ್ಣದ ಗಂಟುಗಳೂ ನೊರೆ ಎಬ್ಬಿಸುತ್ತವೆ. ಆದರೆ ಅವು ಕಡಲ ತಳದಲ್ಲಿ ಪದರವಾಗಿ ಕೂತವಲ್ಲ; ನೀರು ಆವಿಯಾದಂತೆ ಮಣ್ಣಿನೊಳಗೇ ಗಟ್ಟಿಯಾದವು. ಒಳ್ಳೆಯ ತರಗತಿಯಲ್ಲಿ ಚರ್ಚೆ ಶುರುವಾಗುವುದೇ ಇಲ್ಲಿಂದ.

ಉಪಯೋಗಗಳಿಗೂ ಕಾರ್ಖಾನೆಯವರೆಗೆ ಹೋಗಬೇಕಿಲ್ಲ. ಅಜ್ಜಿಯ ಎಲೆಅಡಿಕೆ ತಟ್ಟೆಯಲ್ಲಿ ಸುಣ್ಣವಿದೆ, ಹಬ್ಬಕ್ಕೆ ಬಳಿದ ಗೋಡೆಯಲ್ಲಿದೆ. 100 ಗ್ರಾಂ ಶುದ್ಧ ಕಲ್ಲು ಪೂರ್ತಿ ಸುಟ್ಟರೆ 56 ಗ್ರಾಂ ಸುಟ್ಟಸುಣ್ಣ ಉಳಿದು 44 ಗ್ರಾಂ ಅನಿಲವಾಗಿ ಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದರೆ ಅದೇ ಅನಿಲವನ್ನು ಗಾಳಿಯಿಂದ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಸುಣ್ಣ ಅರಳಿಸುವ ಕೆಲಸ ಮಾತ್ರ ಮಕ್ಕಳ ಕೈಗೆ ಬೇಡ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ.

ನಮ್ಮ ವೀಕ್ಷಣಾ ನಮೂನೆಯಲ್ಲಿ ಚಾರ್ಟಿಗೆ ಅಂಕವಿದೆ, ಮಗುವಿನ ಪ್ರಶ್ನೆಯನ್ನು ಶಿಕ್ಷಕರು ಏನು ಮಾಡಿದರು ಎಂಬುದಕ್ಕೆ ಒಂದು ಕಲಂ ಇಲ್ಲ. ಆ ಕಲಂ ಸೇರಬೇಕು. ಅದರ ಅಂಕ ಚಾರ್ಟಿನದಕ್ಕಿಂತ ಹೆಚ್ಚಿರಬೇಕು. ನಲವತ್ತು ನಿಮಿಷದಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅಂದು ಚಾರ್ಟ್ ತೂಗುಹಾಕಲು ಮೊಳೆ ಹುಡುಕುವುದರಲ್ಲೇ ಏಳು ನಿಮಿಷ ಹೋಗಿತ್ತು.