ಗೀಸರ್ ಕೆಟ್ಟರೆ ಯಾರ ಜೇಬು?

ಮೊನ್ನೆ ಬೆಳಗ್ಗೆ ಆರೂವರೆಗೆ ಮೇಲಿನ ಮನೆಯವರ ಫೋನು. "ಸಾರ್, ಗೀಸರ್‌ನಲ್ಲಿ ನೀರು ಬಿಸಿಯಾಗ್ತಿಲ್ಲ." ಮೂರೇ ವರ್ಷದ ಗೀಸರ್! 'ನೀವೇ ಮಾಡಿಸ್ಕೊಳ್ಳಿ' ಅನ್ನೋದು ನಾಲಿಗೆ ತುದಿಗೆ ಬಂದಿತ್ತು.

ಮೆಕ್ಯಾನಿಕ್ ಬಿಚ್ಚಿ ಎಲಿಮೆಂಟ್ ಕೈಗಿಟ್ಟ. ಬೆರಳು ದಪ್ಪ ಸುಣ್ಣ... ಬೆಂಗಳೂರಿನ ಬೋರ್‌ವೆಲ್ ನೀರಿನ ಪ್ರಸಾದ! ಆನೋಡ್ ರಾಡ್ ಸವೆದು ತಂತಿಯಾಗಿತ್ತು. ಟ್ಯಾಂಕಿನ ಬದಲು ತಾನು ಸವೆಯೋದೇ ಅದರ ಕೆಲಸವಂತೆ, ಆಗಾಗ ಬದಲಾಯಿಸಬೇಕಂತೆ. ಬಾಡಿಗೆಯವರಿಗೆ ಗೊತ್ತಿರಬೇಕಿತ್ತಾ? ಓನರ್ ಆದ ನನಗೇ ಗೊತ್ತಿರಲಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆ ಗೀಸರ್ ರಿಪೇರಿಯನ್ನ ಬಾಡಿಗೆದಾರರ ಪಾಲಿಗೇ ಹಾಕಿದೆ, ನಿಜ. ಆದ್ರೆ ಅದೇ ಕಾಯ್ದೆಯಲ್ಲಿ ಗೋಡೆಯ ಸುಣ್ಣ, ಬಾಗಿಲು ಕಿಟಕಿಯ ಬಣ್ಣ ಮಾಲೀಕನ ಪಾಲು. ವಾಸದ ಮನೆಗೆ ಅಡ್ವಾನ್ಸ್ ಎರಡೇ ತಿಂಗಳ ಬಾಡಿಗೆ. ನಾವೋ, ಆರೋ ಹತ್ತೋ ತಿಂಗಳದ್ದು ಇಸ್ಕೊಂಡು, ಖಾಲಿ ಮಾಡುವಾಗ 'ಪೇಂಟಿಂಗ್' ಅಂತ ಒಂದು ತಿಂಗಳದ್ದು ಮುರ್ಕೊಳ್ಳೋ ಜನ! ನಮಗೆ ಬೇಕಾದ ಸಾಲು ಮಾತ್ರ ಕಾನೂನಾ?

ಇನ್ನೊಂದು ಮಾತು. ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ನ್ನ ಆದಾಯ ತೆರಿಗೆಯವರು ಬಿಲ್ ಕೇಳದೇ ಬಿಟ್ಟುಕೊಡ್ತಾರೆ. ರಿಪೇರಿ ಮಾಡಿಸಿದ್ರೂ ಅಷ್ಟೇ, ಮಾಡಿಸದಿದ್ರೂ ಅಷ್ಟೇ.

ದುಡ್ಡು ನಾನೇ ಕೊಟ್ಟೆ. ಸ್ವಿಚ್ಚು, ನಲ್ಲಿ ವಾಷರ್ರು ಅವರದ್ದು. ನಾನು ಹಾಕಿಸಿದ ವಸ್ತು ತಾನಾಗಿ ಸವೆದರೆ ನನ್ನದು. ಇಷ್ಟನ್ನ ಕರಾರಿನಲ್ಲೇ ಬರೆದುಬಿಟ್ರೆ ಅರ್ಧ ಜಗಳ ಇರಲ್ಲ.

ನಿಮ್ಮ ಓನರ್ ಏನಂತಾರೆ? :)