ಉತ್ತೀರ್ಣ ಅಂಕ ಇಳಿದರೆ ಬೀಜಗಣಿತ ಒಲಿದೀತೇ?

ಬೆಂಗಳೂರು: ಎಸ್ಸೆಸ್ಸೆಲ್ಸಿ ಉತ್ತೀರ್ಣತೆಗೆ ಬೇಕಾದ ಅಂಕಗಳ ಪ್ರಮಾಣವನ್ನು ರಾಜ್ಯ ಸರ್ಕಾರ 2025-26ನೇ ಸಾಲಿನಿಂದ ಶೇ. 35ರಿಂದ ಶೇ. 33ಕ್ಕೆ ಇಳಿಸಿದೆ. ಒಟ್ಟು 625 ಅಂಕಗಳಲ್ಲಿ 206 ಗಳಿಸಿ, ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಪಡೆದರೆ ಸಾಕು. 2025ರ ಮೊದಲ ಪರೀಕ್ಷೆಯ ಒಟ್ಟಾರೆ ಫಲಿತಾಂಶ ಶೇ. 62.34 ಇತ್ತೆಂಬುದನ್ನು ನೆನೆದರೆ, ಈ ನಿರ್ಧಾರ ಅನೇಕ ಮನೆಗಳಿಗೆ ನೆಮ್ಮದಿ ತಂದಿರುವುದು ಸಹಜ.

ಆದರೆ ಗಣಿತದ ಮಟ್ಟಿಗೆ ಸಮಸ್ಯೆಯ ಬೇರಿರುವುದು ಹತ್ತನೇ ತರಗತಿಯಲ್ಲಲ್ಲ, ಆರರಿಂದ ಎಂಟನೇ ತರಗತಿಗಳಲ್ಲಿ. ಅಂಕಿಗಳ ಜಾಗಕ್ಕೆ ಅಕ್ಷರಗಳು ಬರುವುದು ಈ ಘಟ್ಟದಲ್ಲೇ. ಹತ್ತರಲ್ಲಿ ಬರುವ ಬಹುಪದೋಕ್ತಿ, ವರ್ಗ ಸಮೀಕರಣ, ಸಮಾಂತರ ಶ್ರೇಢಿಗಳೆಲ್ಲವೂ ಈ ಅಡಿಪಾಯದ ಮೇಲೆಯೇ ನಿಂತಿವೆ.

ಎಡವುವುದು ಎಲ್ಲಿ? 8 + 4 = __ + 5 ಎಂದು ಬರೆದರೆ ಹಲವು ಮಕ್ಕಳು ಖಾಲಿ ಜಾಗದಲ್ಲಿ 12 ತುಂಬುತ್ತಾರೆ; ಸರಿಯುತ್ತರ 7. ಸಮ ಚಿಹ್ನೆ ಅವರಿಗೆ ‘ಉತ್ತರ ಬರೆ’ ಎಂಬ ಆಜ್ಞೆಯೇ ಹೊರತು ಎರಡೂ ಬದಿ ಸಮವೆಂಬ ಹೇಳಿಕೆಯಲ್ಲ. ಅಂತಹ ಮಗುವಿಗೆ ಸಮೀಕರಣ ಬಿಡಿಸುವುದೆಂದರೆ ಬರಿಯ ಬಾಯಿಪಾಠ. ಇದರ ಜೊತೆಗೆ ಅಂಕಗಣಿತವೇ ದುರ್ಬಲ. ಗ್ರಾಮೀಣ ಭಾರತದ ಎಂಟನೇ ತರಗತಿ ಮಕ್ಕಳಲ್ಲಿ ಭಾಗಾಕಾರ ಬಲ್ಲವರು ಶೇ. 45.8 ಮಾತ್ರ ಎಂದು 2024ರ ‘ಅಸರ್’ ವರದಿ ಹೇಳಿತ್ತು.

ಬೀಜಗಣಿತ ಬದುಕಿಗೆ ದೂರವಾದುದೇನಲ್ಲ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೊ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರದ ಪ್ರತಿ ಕಿ.ಮೀ.ಗೆ 18 ರೂಪಾಯಿ ಎಂದು ನಿಗದಿಯಾಯಿತು. ದೂರ x ಆದರೆ ಬಾಡಿಗೆ 36 + 18(x – 2). ಬಿಡಿಸಿದರೆ ಉಳಿಯುವುದು 18x. ಅಂದರೆ 2 ಕಿ.ಮೀ. ದಾಟಿದವರಿಗೆ ಕನಿಷ್ಠ ದರದ ಹೊರೆಯೇ ಇಲ್ಲ. ಅದು ತಟ್ಟುವುದು ಅದಕ್ಕಿಂತ ಕಡಿಮೆ ದೂರ ಹೋಗುವವರಿಗೆ. ಹಿಂದಿನ ದರ 30 ಮತ್ತು 15 ರೂಪಾಯಿ. ಎರಡನ್ನೂ ನಕ್ಷೆಯಲ್ಲಿ ಎಳೆದರೆ ಹೊಸ ರೇಖೆ ಹೆಚ್ಚು ಕಡಿದಾಗಿರುತ್ತದೆ. ರೇಖೆಯ ಇಳಿಜಾರೆಂದರೆ ಏನೆಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕೇ?

ಸರ್ಕಾರಿ ಶಾಲೆಗಳ ನಾಲ್ಕು ಮತ್ತು ಐದನೇ ತರಗತಿಗಳಿಗೆ ‘ಗಣಿತ ಕಲಿಕಾ ಆಂದೋಲನ’ದ ಮೂಲಕ ಕಲಿಕಾ ಪೆಟ್ಟಿಗೆಗಳು ತಲುಪಿವೆ. ಅದೇ ಆಸ್ಥೆ ಮುಂದಿನ ಮೂರು ತರಗತಿಗಳಿಗೂ ವಿಸ್ತರಿಸಬೇಕು. ಆರನೇ ತರಗತಿಯ ಆರಂಭದಲ್ಲೇ ಭಾಗಾಕಾರ, ಭಿನ್ನರಾಶಿಗಳ ಕೊರತೆ ಗುರುತಿಸಿ ಸರಿಪಡಿಸಿದ ಬಳಿಕವೇ ಚರಾಕ್ಷರ ಪರಿಚಯಿಸುವಷ್ಟು ಸಮಯ ಶಿಕ್ಷಕರಿಗೆ ದೊರೆಯಬೇಕು.

ಉತ್ತೀರ್ಣ ಅಂಕ ಇಳಿಸಲು ಒಂದು ಆದೇಶ ಸಾಕು. ಕಲಿಕೆಯನ್ನು ಏರಿಸಲು ಮೂರು ವರ್ಷಗಳ ದುಡಿಮೆ ಬೇಕು. ಆ ದುಡಿಮೆ ಆಗದಿದ್ದರೆ ಇಂದು ಪಾಸಾದ ಮಗು ನಾಳೆ ಪಿಯು ತರಗತಿಯಲ್ಲಿ ಅದೇ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕಾದೀತು.